ಎಫ್‌ಪಿಎಸ್ ಎಷ್ಟು, ಹರ್ಟ್ಸ್ ಎಷ್ಟು? ಶಿವಮೊಗ್ಗದ ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದುರ್ಗಿಗುಡಿ ಕಡೆ ಕಂಪ್ಯೂಟರ್ ಜೋಡಿಸಿ ಕೊಡುವ ಕೆಲಸ ನನ್ನದು. ಕೌಂಟರ್‌ಗೆ ಬರುವವರು, ವಾಟ್ಸಾಪ್‌ನಲ್ಲಿ ಕೇಳುವವರು, ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಫೋನ್ ಮಾಡುವವರು, ಎಲ್ಲರದ್ದೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಲ್ಲೇ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ, ಮೇಲಿನದ್ದೆಲ್ಲ ಓದಲೇಬೇಕು ಅಂತಿಲ್ಲ.

## ತಗೊಳ್ಳೋ ಮೊದಲು

ಎಫ್‌ಪಿಎಸ್, ಹರ್ಟ್ಸ್ ಎರಡೂ ಒಂದೇ ಅಲ್ವಾ ಅಣ್ಣಾ?

ಅಲ್ಲ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಎಷ್ಟು ಚಿತ್ರ ತಯಾರು ಮಾಡುತ್ತದೆ ಅನ್ನುವುದು ಎಫ್‌ಪಿಎಸ್. ಆ ಒಂದೊಂದು ಚಿತ್ರಕ್ಕೂ ಫ್ರೇಮ್ ಅಂತಾರೆ. ಮಾನಿಟರ್ ತನ್ನ ಪರದೆಯನ್ನು ಸೆಕೆಂಡಿಗೆ ಎಷ್ಟು ಸಲ ಹೊಸದು ಮಾಡುತ್ತದೆ ಅನ್ನುವುದು ಹರ್ಟ್ಸ್, ಅಂದರೆ ರಿಫ್ರೆಶ್ ರೇಟ್.

ಎಫ್‌ಪಿಎಸ್ ಏರಿಳಿಯುತ್ತಲೇ ಇರುತ್ತದೆ. ಗೇಮ್‌ನಲ್ಲಿ ಖಾಲಿ ಗೋಡೆ ನೋಡುತ್ತಾ ನಿಂತರೆ 150 ಇದ್ದದ್ದು, ಹೊಗೆ, ಬೆಂಕಿ, ಹತ್ತು ಜನ ಎದುರಾಳಿಗಳು ಒಟ್ಟಿಗೆ ಬಂದರೆ 70ಕ್ಕೆ ಇಳಿಯಬಹುದು. ಹರ್ಟ್ಸ್ ಹಾಗಲ್ಲ. ಒಮ್ಮೆ ಸೆಟ್ಟಿಂಗ್‌ನಲ್ಲಿ ಇಟ್ಟಷ್ಟೇ ಇರುತ್ತದೆ (ಫ್ರೀಸಿಂಕ್ ಇದ್ದರೆ ಕಥೆ ಬೇರೆ, ಅದು ಕೆಳಗಿದೆ).

ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹೊಸ ಚಿತ್ರ ಮಾತ್ರ ನಿಮ್ಮ ಕಣ್ಣಿಗೆ ಪೂರ್ತಿಯಾಗಿ ಸಿಗುತ್ತದೆ. ಕಾರ್ಡ್ 50 ಕೊಟ್ಟರೆ 144 ಹರ್ಟ್ಸ್ ಮಾನಿಟರ್ ಹಳೆ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಹಾಗಾಗಿ ಗಿರಾಕಿಗಳಿಗೆ ನಾನು ಮೊದಲು ಕೇಳುವುದು ಯಾವ ಕಾರ್ಡ್ ಇದೆ ಅಂತ. ಮಾನಿಟರ್ ಮಾತು ಆಮೇಲೆ.

ನಮ್ಮ ಕಣ್ಣಿಗೆ 24ಕ್ಕಿಂತ ಜಾಸ್ತಿ ಕಾಣೋದೇ ಇಲ್ಲವಂತೆ, ಹೌದಾ?

ಸುಳ್ಳು. ಈ 24 ಬಂದದ್ದು ಸಿನಿಮಾದಿಂದ. 1920ರ ದಶಕದ ಕೊನೆಗೆ ಮಾತಿನ ಚಿತ್ರಗಳು ಬಂದಾಗ ಧ್ವನಿಗಾಗಿ ರೀಲು ಒಂದೇ ವೇಗದಲ್ಲಿ ಓಡಬೇಕಾಯಿತು. ಫಿಲಂ ದುಬಾರಿ. ಸೆಕೆಂಡಿಗೆ 24 ಸಾಕು ಅಂತ ನಿಂತಿತು. ಅಷ್ಟಾದರೂ ಥಿಯೇಟರಿನ ಪ್ರೊಜೆಕ್ಟರ್ ಒಂದೇ ಫ್ರೇಮನ್ನು ಎರಡು ಅಥವಾ ಮೂರು ಸಲ ಮಿನುಗಿಸುತ್ತಿತ್ತು. ಅಂದರೆ ಸೆಕೆಂಡಿಗೆ 48 ಅಥವಾ 72 ಸಲ. ಬರೀ 24 ಸಲ ಮಿನುಗಿಸಿದ್ದರೆ ಜನ ತಲೆ ನೋಯುತ್ತೆ ಅಂತ ಎದ್ದು ಹೋಗುತ್ತಿದ್ದರು.

ಕಣ್ಣಿಗೆ ಕ್ಯಾಮೆರಾ ಥರ ಇಷ್ಟೇ ಎಫ್‌ಪಿಎಸ್ ಅಂತ ಇಲ್ಲ. ನಂಬಿಕೆ ಬರದಿದ್ದರೆ 60 ಹರ್ಟ್ಸ್ ಪರದೆಯ ಮುಂದೆ ಕೂತು ಮೌಸನ್ನು ಎಡದಿಂದ ಬಲಕ್ಕೆ ಜೋರಾಗಿ ಎಳೆಯಿರಿ. ಬಾಣದ ಗುರುತು ಒಂದು ಗೆರೆಯಾಗಿ ಕಾಣುವುದಿಲ್ಲ, ದೂರ ದೂರ ನಿಂತ ಬಾಣಗಳ ಸಾಲಾಗಿ ಕಾಣುತ್ತದೆ. 1920 ಪಿಕ್ಸೆಲ್ ಅಗಲದ ಪರದೆಯನ್ನು ಅರ್ಧ ಸೆಕೆಂಡಿನಲ್ಲಿ ದಾಟಿಸಿದರೆ 60 ಹರ್ಟ್ಸ್‌ನಲ್ಲಿ ಒಂದು ಬಾಣಕ್ಕೂ ಇನ್ನೊಂದಕ್ಕೂ 64 ಪಿಕ್ಸೆಲ್ ಸಂದು. 144ರಲ್ಲಿ ಅದೇ ಸಂದು ಸುಮಾರು 27. ಅಂಗಡಿಯಲ್ಲಿ ಎರಡು ಮಾನಿಟರ್ ಅಕ್ಕಪಕ್ಕ ಇಟ್ಟು ಇದನ್ನು ಮಾಡಿಸಿದರೆ ವಾದ ಅಲ್ಲಿಗೇ ಮುಗಿಯುತ್ತದೆ.

60ರಿಂದ 144ಕ್ಕೆ ಹೋದ್ರೆ ಗೊತ್ತಾಗುತ್ತಾ? ಅಥವಾ ನೇರ 240 ತಗೊಳ್ಳಲಾ?

60ರಿಂದ 144ಕ್ಕೆ ಹೋದರೆ ಖಂಡಿತ ಗೊತ್ತಾಗುತ್ತದೆ. ಗೇಮ್ ಆಡದವರಿಗೂ ಪುಟ ಸ್ಕ್ರೋಲ್ ಮಾಡುವಾಗ ಗೊತ್ತಾಗುತ್ತದೆ. 144ರಿಂದ 240ಕ್ಕೆ ಹೋದದ್ದು ಎಲ್ಲರಿಗೂ ಗೊತ್ತಾಗುವುದಿಲ್ಲ.

ಕಾರಣ ಲೆಕ್ಕದಲ್ಲಿದೆ. ಹರ್ಟ್ಸ್ ನೋಡಬೇಡಿ, ಒಂದು ಚಿತ್ರ ಪರದೆ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. 60ರಲ್ಲಿ 16.7 ಮಿಲಿಸೆಕೆಂಡ್. 144ರಲ್ಲಿ 6.9. ಉಳಿದದ್ದು ಹತ್ತಿರ ಹತ್ತಿರ 10 ಮಿಲಿಸೆಕೆಂಡ್. 240ರಲ್ಲಿ 4.2, ಅಂದರೆ 144ಕ್ಕಿಂತ 3 ಮಿಲಿಸೆಕೆಂಡೂ ಉಳಿಯುವುದಿಲ್ಲ. 360ಕ್ಕೆ ಹೋದರೆ 2.8. ಸಂಖ್ಯೆ ದೊಡ್ಡದಾದ ಹಾಗೆ ಕಾಸಿಗೆ ಸಿಗುವ ಸುಖ ಕಡಿಮೆ. ಶೂಟಿಂಗ್ ಗೇಮನ್ನು ಸ್ಪರ್ಧೆಗೆ ಅಂತಲೇ ಆಡುವವರಿಗೆ, ಅಷ್ಟು ಎಫ್‌ಪಿಎಸ್ ಕೊಡುವ ಕಾರ್ಡ್ ಇರುವವರಿಗೆ 240 ಸರಿ. ಉಳಿದವರು ಆ ದುಡ್ಡನ್ನು ಕಾರ್ಡ್‌ಗೋ, ರ್‍ಯಾಮ್‌ಗೋ ಹಾಕಿದರೆ ಒಳ್ಳೆಯದು.

ನಾನು ಅಡಿಕೆ ಮಂಡಿ ಲೆಕ್ಕ ಬರೆಯೋದು ಅಷ್ಟೇ. ನನಗೂ ಬೇಕಾ?

ಬೇಡ. ಅಕ್ಷರ ಚೆನ್ನಾಗಿ ಕಾಣುವ ಪ್ಯಾನೆಲ್, ಎತ್ತರ ಹೊಂದಿಸಲು ಬರುವ ಸ್ಟ್ಯಾಂಡ್ ನೋಡಿ ತಗೊಳ್ಳಿ. ಈಗ 75 ಅಥವಾ 100 ಹರ್ಟ್ಸ್ ಇರುವ ಸಾದಾ ಮಾನಿಟರ್‌ಗಳೇ ಸಿಗುತ್ತವೆ, ಅದೇ ಬೆಲೆಗೆ ಸಿಕ್ಕರೆ ಬೇಡ ಅನ್ನಬೇಡಿ. ಅದಕ್ಕಾಗಿ ಜಾಸ್ತಿ ಕೊಡಬೇಡಿ.

ಹರ್ಟ್ಸ್ ಜಾಸ್ತಿ ಇದ್ರೆ ಕಣ್ಣು ನೋವು ಕಡಿಮೆ ಆಗುತ್ತಂತಲ್ಲ?

ಹಳೆ ಡಬ್ಬಾ ಮಾನಿಟರ್ ಕಾಲದಲ್ಲಿ ಈ ಮಾತು ನಿಜವಾಗಿತ್ತು. ಅದು ಪ್ರತಿ ಸಲವೂ ಮಿನುಗಿ ಆರುತ್ತಿತ್ತು. 60ರಲ್ಲಿ ಕಣ್ಣು ಉರಿಯುತ್ತಿತ್ತು, 85ಕ್ಕೆ ಇಟ್ಟರೆ ಹಾಯ್ ಅನ್ನಿಸುತ್ತಿತ್ತು. ಎಲ್‌ಸಿಡಿ ಹಾಗೆ ಮಿನುಗುವುದಿಲ್ಲ. ಕಣ್ಣು ದಣಿಯುವುದು ಹೆಚ್ಚಾಗಿ ಬ್ರೈಟ್‌ನೆಸ್‌ನಿಂದ. ಮಳೆಗಾಲದ ಮಬ್ಬು ಮಧ್ಯಾಹ್ನ, ಕೋಣೆಯಲ್ಲಿ ಲೈಟ್ ಹಾಕದೆ, ಪರದೆ ನೂರಕ್ಕೆ ನೂರು ಬೆಳಕಿಟ್ಟು ಕೂತರೆ 240 ಹರ್ಟ್ಸ್ ಇದ್ದರೂ ಕಣ್ಣು ನೋಯುತ್ತದೆ. ಕೆಲವು ಪರದೆಗಳು ಬೆಳಕು ಕಡಿಮೆ ಮಾಡಲು ಬ್ಯಾಕ್‌ಲೈಟನ್ನು ವೇಗವಾಗಿ ಆರಿಸಿ ಹಚ್ಚುತ್ತವೆ, ಅದೂ ಕೆಲವರಿಗೆ ಆಗಿಬರುವುದಿಲ್ಲ. ಡಬ್ಬಿ ಮೇಲೆ ‘ಫ್ಲಿಕರ್ ಫ್ರೀ’ ಅಂತ ಇರುವುದನ್ನು ನೋಡಿ ತಗೊಳ್ಳಿ.

## ಮನೆಗೆ ತಂದ ಮೇಲೆ

144 ಹರ್ಟ್ಸ್ ಮಾನಿಟರ್ ತಂದೆ, ಏನೂ ವ್ಯತ್ಯಾಸ ಕಾಣ್ತಿಲ್ಲ. ಮೋಸ ಹೋದ್ನಾ?

ಈ ಫೋನು ಬಂದಾಗಲೆಲ್ಲ ಉತ್ತರ ಹೆಚ್ಚಾಗಿ ಒಂದೇ: ಮಾನಿಟರ್ 144ರದ್ದೇ, ಆದರೆ ಓಡುತ್ತಿರುವುದು 60ರಲ್ಲಿ. ಎಷ್ಟೋ ಕಡೆ ವಿಂಡೋಸ್ ಹೊಸ ಮಾನಿಟರ್ ಕಂಡ ಕೂಡಲೇ ತಾನಾಗಿ 144ಕ್ಕೆ ಹೋಗುವುದಿಲ್ಲ. ನೀವೇ ಹೇಳಬೇಕು.

ವಿಂಡೋಸ್ 11 ಆದರೆ ಸೆಟ್ಟಿಂಗ್ಸ್ ತೆಗೆದು ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ‘ಚೂಸ್ ಎ ರಿಫ್ರೆಶ್ ರೇಟ್’ ಅಂತ ಇರುತ್ತದೆ. ಒತ್ತಿ, 144 ಆರಿಸಿ. ಪರದೆ ಒಂದು ಕ್ಷಣ ಕಪ್ಪಾಗಿ ವಾಪಸ್ ಬರುತ್ತದೆ, ಹೆದರಬೇಡಿ. ‘ಕೀಪ್ ಚೇಂಜಸ್’ ಒತ್ತಲು ಮರೆತರೆ ಕೆಲ ಸೆಕೆಂಡಿನಲ್ಲಿ ಮತ್ತೆ 60ಕ್ಕೇ ಹೋಗುತ್ತದೆ.

ಪಟ್ಟಿಯಲ್ಲಿ 144 ಕಾಣಲೇ ಇಲ್ಲವಾ? ಹಾಗಾದರೆ ಸಿಪಿಯು ಡಬ್ಬಿಯ ಹಿಂದೆ ಬಗ್ಗಿ ನೋಡಿ. ಕೇಬಲ್ ಎಲ್ಲಿ ಚುಚ್ಚಿದ್ದೀರಿ? ಮೇಲ್ಗಡೆ, ಯುಎಸ್‌ಬಿ ತೂತುಗಳ ಜೊತೆಗೆ ಇರುವ ಎಚ್‌ಡಿಎಂಐ ಮದರ್‌ಬೋರ್ಡಿನದ್ದು. ಕೆಳಗಡೆ ಅಡ್ಡಡ್ಡ ಇರುವುದು ಗ್ರಾಫಿಕ್ಸ್ ಕಾರ್ಡಿನದ್ದು. ಅಷ್ಟು ದುಡ್ಡು ಕೊಟ್ಟು ಕಾರ್ಡ್ ಹಾಕಿಸಿ, ಕೇಬಲ್ ಮಾತ್ರ ಮೇಲಿನದ್ದಕ್ಕೇ ಚುಚ್ಚಿಕೊಂಡು ಕೂತವರು ಬೇಕಾದಷ್ಟು ಜನ ಇದ್ದಾರೆ. ಕೆಳಗಿನದ್ದಕ್ಕೆ ಬದಲಿಸಿದ ಕೂಡಲೇ ಎಫ್‌ಪಿಎಸ್ಸೂ ಏರುತ್ತದೆ, ಹರ್ಟ್ಸೂ ಕಾಣುತ್ತದೆ.

ಇನ್ನೂ ಬರದಿದ್ದರೆ ಮಾನಿಟರಿನ ಮೆನುವನ್ನೇ ನೋಡಿ. ಕೆಲವದರಲ್ಲಿ ಓವರ್‌ಕ್ಲಾಕ್ (ನಿಗದಿಗಿಂತ ವೇಗವಾಗಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿದರೆ ಮಾತ್ರ ಡಬ್ಬಿ ಮೇಲೆ ಬರೆದ ಪೂರ್ತಿ ಹರ್ಟ್ಸ್ ಸಿಗುತ್ತದೆ. ಕೊನೆಗೆ ಗೇಮ್ ಒಳಗಿನ ಸೆಟ್ಟಿಂಗ್. ಅಲ್ಲೂ ಬೇರೆ ರಿಫ್ರೆಶ್ ರೇಟ್, ಬೇರೆ ಎಫ್‌ಪಿಎಸ್ ಮಿತಿ ಇರುತ್ತದೆ.

ಯಾವ ಕೇಬಲ್ ಹಾಕ್ಬೇಕು? ಹಳೇ ಎಚ್‌ಡಿಎಂಐ ನಡೆಯುತ್ತಾ?

ಡಿಸ್‌ಪ್ಲೇಪೋರ್ಟ್ ಎರಡೂ ಕಡೆ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಹಾಕಿ. ಸಾಮಾನ್ಯವಾಗಿ ಡಬ್ಬಿಯಲ್ಲೇ ಬಂದಿರುತ್ತದೆ.

ಎಚ್‌ಡಿಎಂಐನಲ್ಲಿ ತಲೆಮಾರು ನೋಡಬೇಕು. (ಇಲ್ಲಿ ಬರುವ 1080ಪಿ, 1440ಪಿ, 4ಕೆ ಅಂದರೆ ಪರದೆಯಲ್ಲಿ ಎಷ್ಟು ಪಿಕ್ಸೆಲ್ ಅನ್ನುವ ಲೆಕ್ಕ, 4ಕೆಯಲ್ಲಿ ಎಲ್ಲಕ್ಕಿಂತ ಜಾಸ್ತಿ.) 1.4 ಆದರೆ 1080ಪಿಯಲ್ಲಿ 120 ಹರ್ಟ್ಸ್ ಸಿಗುತ್ತದೆ, 4ಕೆಯಲ್ಲಿ ಬರೀ 30. 4ಕೆ ಟಿವಿಗೆ ಹಳೆ ಲ್ಯಾಪ್‌ಟಾಪ್ ಜೋಡಿಸಿ ‘ಮೌಸ್ ಎಳೀತಾ ಇದೆ’ ಅನ್ನುವವರ ಕಥೆ ಇದೇ. 2.0 ಆದರೆ 4ಕೆಯಲ್ಲಿ 60, 1440ಪಿಯಲ್ಲಿ 144, 1080ಪಿಯಲ್ಲಿ 240. 2.1 ಆದರೆ 4ಕೆಯಲ್ಲಿ 120. ಕೇಬಲ್, ಕಾರ್ಡ್, ಮಾನಿಟರ್ ಮೂರರಲ್ಲಿ ಯಾವುದು ಹಳೆಯದೋ ಅದರ ಮಿತಿಗೇ ಎಲ್ಲವೂ ನಿಲ್ಲುತ್ತದೆ. ಮಧ್ಯೆ ವಿಜಿಎ ಕನ್ವರ್ಟರ್ ಇದ್ದರೆ ಸಾಮಾನ್ಯವಾಗಿ 60ಕ್ಕೇ ಮುಗಿಯಿತು. ಅದನ್ನು ಕಿತ್ತು ಹಾಕಿ.

ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಎಳೆಯಕ್ಕೆ ಶುರುವಾಗುತ್ತೆ. ಬ್ಯಾಟರಿ ಹಾಳಾ?

ಬ್ಯಾಟರಿ ಹಾಳಾಗಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಪ್ರಶ್ನೆ ಆಗುಂಬೆ ಕಡೆಯಿಂದ ಜಾಸ್ತಿ ಬರುತ್ತದೆ, ಕಾರಣ ನಿಮಗೇ ಗೊತ್ತು.

ಗೇಮಿಂಗ್ ಲ್ಯಾಪ್‌ಟಾಪಿನ ಚಾರ್ಜರ್ ಕೊಡುವಷ್ಟು ವಿದ್ಯುತ್ತನ್ನು ಬ್ಯಾಟರಿ ಕೊಡಲಾರದು. ಹಾಗಾಗಿ ಪ್ಲಗ್ ಕಳಚಿದ ಕೂಡಲೇ ಗ್ರಾಫಿಕ್ಸ್ ಚಿಪ್ ತನ್ನ ಓಟ ಕಡಿಮೆ ಮಾಡುತ್ತದೆ. ಅದರ ಜೊತೆಗೆ ಎಷ್ಟೋ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಉಳಿಸಲು ಪರದೆಯನ್ನೂ 144ರಿಂದ 60ಕ್ಕೆ ಇಳಿಸುತ್ತವೆ. ಎಫ್‌ಪಿಎಸ್ಸೂ ಬಿತ್ತು, ಹರ್ಟ್ಸೂ ಬಿತ್ತು. ಪರದೆ ಇಳಿಸುವುದನ್ನು ಲ್ಯಾಪ್‌ಟಾಪ್ ಕಂಪನಿಯ ಆ್ಯಪ್‌ನಲ್ಲಿ ನಿಲ್ಲಿಸಬಹುದು. ಚಿಪ್ ಇಳಿಯುವುದನ್ನು ತಡೆಯಲು ಆಗುವುದಿಲ್ಲ. ಮನೆಗೆ ಇನ್ವರ್ಟರ್ ಇದ್ದರೆ ಚಾರ್ಜರನ್ನು ಅದರ ಲೈನಿಗೆ ಹಾಕಿ. ಇಲ್ಲದಿದ್ದರೆ ಗೇಮಲ್ಲಿ ಎಫ್‌ಪಿಎಸ್ ಮಿತಿಯನ್ನು 40 ಅಥವಾ 45ಕ್ಕೆ ಇಟ್ಟು ಆಡಿ. 70ಕ್ಕೂ 25ಕ್ಕೂ ಮಧ್ಯೆ ಜಿಗಿದಾಡುವುದಕ್ಕಿಂತ ಅದು ಎಷ್ಟೋ ಮೇಲು.

ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿಸಿದ್ರೆ ಎಫ್‌ಪಿಎಸ್ ಏರುತ್ತಾ?

ಇಲ್ಲ ಮಾರಾಯ್ರೆ. ಚಿತ್ರ ತಯಾರಾಗುವುದು ನಿಮ್ಮ ಮೇಜಿನ ಮೇಲೆ. ಇಂಟರ್ನೆಟ್ ಕೈಕೊಟ್ಟರೆ ಎದುರಾಳಿ ಇದ್ದಲ್ಲಿಂದ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತಾನೆ, ಹೊಡೆದ ಗುಂಡು ತಾಗುವುದಿಲ್ಲ. ಆದರೆ ನೀವು ಸುತ್ತ ತಿರುಗಿ ನೋಡಿದರೆ ದೃಶ್ಯ ನುಣುಪಾಗೇ ತಿರುಗುತ್ತದೆ. ಎಫ್‌ಪಿಎಸ್ ಬಿದ್ದರೆ ಆ ತಿರುಗುವುದೇ ಎಳೆಯುತ್ತದೆ. ಎರಡನ್ನೂ ‘ಲ್ಯಾಗ್’ ಅನ್ನುವುದರಿಂದ ಗೊಂದಲ.

ಗೇಮ್‌ನಲ್ಲಿ 200 ತೋರಿಸುತ್ತೆ, ಮಾನಿಟರ್ 60ರದ್ದು. ಉಳಿದ 140 ವೇಸ್ಟಾ?

ಪೂರ್ತಿ ವೇಸ್ಟ್ ಅಲ್ಲ. ಮಾನಿಟರ್ ಚಿತ್ರ ತಗೊಳ್ಳಲು ಬಂದಾಗ ಅದಕ್ಕೆ ತೀರಾ ಹೊಸ ಚಿತ್ರ ಸಿಗುತ್ತದೆ. 60 ಎಫ್‌ಪಿಎಸ್‌ನಲ್ಲಿ ಆ ಚಿತ್ರ 16 ಮಿಲಿಸೆಕೆಂಡ್ ಹಳೆಯದಿರಬಹುದು, 200ರಲ್ಲಿ ಹೆಚ್ಚೆಂದರೆ 5. ಮೌಸ್ ಕ್ಲಿಕ್ಕಿಗೂ ಪರದೆಗೂ ನಡುವಿನ ತಡ ಕಡಿಮೆಯಾಗುತ್ತದೆ. ಶೂಟಿಂಗ್ ಗೇಮ್ ಹುಡುಗರು 60 ಹರ್ಟ್ಸ್‌ನಲ್ಲೂ ಎಫ್‌ಪಿಎಸ್ ಬಿಚ್ಚಿ ಬಿಡುವುದು ಇದಕ್ಕೇ.

ಆದರೆ ನುಣುಪು ಜಾಸ್ತಿ ಆಗುವುದಿಲ್ಲ. ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುತ್ತದೆ, ಕಾರ್ಡ್ ಸುಮ್ನೆ ಬಿಸಿಯಾಗುತ್ತದೆ, ಫ್ಯಾನ್ ಗಿರ್ ಅನ್ನುತ್ತದೆ, ಕರೆಂಟ್ ಬಿಲ್ಲು ಏರುತ್ತದೆ. ಕಥೆಯ ಗೇಮ್ ಆಡುವವರು ಮಿತಿ ಹಾಕಿಕೊಳ್ಳಿ.

ಪಿಎಸ್5ಗೆ 144 ಹರ್ಟ್ಸ್ ಮಾನಿಟರ್ ಜೋಡಿಸಿದ್ರೆ 144 ಬರುತ್ತಾ?

ಬರುವುದಿಲ್ಲ. ಪಿಎಸ್5, ಅಂದರೆ ಸೋನಿಯ ಪ್ಲೇಸ್ಟೇಷನ್ 5 ಗೇಮ್ ಮಶೀನ್, 60 ಅಥವಾ 120ರಲ್ಲಿ ಕೊಡುತ್ತದೆ, 120 ಕೂಡ ಆ ಸೌಲಭ್ಯ ಇರುವ ಗೇಮ್‌ಗಳಲ್ಲಿ ಮಾತ್ರ.

## ವಿಡಿಯೊ, ಟಿವಿ, ಮೊಬೈಲ್

ಜೋಗದಲ್ಲಿ ತೆಗೆದ ವಿಡಿಯೊ 144 ಹರ್ಟ್ಸ್‌ನಲ್ಲೂ ಜರ್ಕ್ ಹೊಡೆಯುತ್ತೆ. ಏನು ಕಾರಣ?

ಮಾನಿಟರ್ ಎಷ್ಟೇ ವೇಗದ್ದಿರಲಿ, ತೆಗೆಯುವಾಗ ಇಲ್ಲದ ಚಿತ್ರವನ್ನು ಅದು ಹುಟ್ಟಿಸುವುದಿಲ್ಲ. ಫೋನ್ ಸಾಮಾನ್ಯವಾಗಿ 30 ಎಫ್‌ಪಿಎಸ್‌ನಲ್ಲಿ ತೆಗೆಯುತ್ತದೆ. ರಾಜನಿಂದ ರಾಣಿವರೆಗೆ ಎರಡೇ ಸೆಕೆಂಡಿನಲ್ಲಿ ಫೋನ್ ತಿರುಗಿಸಿದರೆ ಅಷ್ಟಗಲದ ದೃಶ್ಯಕ್ಕೆ ಸಿಕ್ಕಿದ್ದು 60 ಚಿತ್ರ. ಬಂಡೆಯ ಅಂಚು ಒಂದೊಂದು ಚಿತ್ರದಲ್ಲೂ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತದೆ. ಬೀಳುವ ನೀರಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಅದು ಹೇಗೂ ಬಿಳಿ ಮಬ್ಬು. ಹಿಂದಿನ ಕರಿ ಬಂಡೆ, ಮುಂದಿನ ಕಬ್ಬಿಣದ ಬೇಲಿ ಇವೇ ಕುಣಿಯುವುದು.

ಎರಡು ದಾರಿ ಇದೆ. ಫೋನ್ ಕ್ಯಾಮೆರಾದಲ್ಲಿ 60 ಎಫ್‌ಪಿಎಸ್ ಇಡಿ. ಇಲ್ಲವೇ ನಿಧಾನ ತಿರುಗಿಸಿ. ಸಿನಿಮಾ ಕ್ಯಾಮೆರಾದವರಲ್ಲಿ ಒಂದು ಮಾತಿದೆ: 24 ಎಫ್‌ಪಿಎಸ್‌ನಲ್ಲಿ ಒಂದು ವಸ್ತು ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಹೋಗಲು ಏಳು ಸೆಕೆಂಡಾದರೂ ಬೇಕು. ನಾಲ್ಕೂ ಕವಲು ತೋರಿಸಲು ಏಳು ಸೆಕೆಂಡ್ ಜಾಸ್ತಿ ಏನಲ್ಲ.

ಇನ್ನೊಂದು ಸಣ್ಣ ವಿಷಯ ಇದೆ. 30ರ ವಿಡಿಯೊ 60 ಅಥವಾ 120ರಲ್ಲಿ ಸಮವಾಗಿ ಕೂರುತ್ತದೆ, ಒಂದೊಂದು ಚಿತ್ರಕ್ಕೂ ಎರಡೆರಡು ಅಥವಾ ನಾಲ್ಕು ನಾಲ್ಕು ಸಲ. 144ನ್ನು 30ರಿಂದ ಭಾಗಿಸಿದರೆ 4.8. ಕೆಲವು ಚಿತ್ರ ಐದು ಸಲ, ಕೆಲವು ನಾಲ್ಕು ಸಲ ನಿಲ್ಲುತ್ತವೆ. ಸೂಕ್ಷ್ಮ ಕಣ್ಣಿನವರಿಗೆ ಇದೂ ಗೊತ್ತಾಗುತ್ತದೆ. ವಿಡಿಯೊ ಎಡಿಟಿಂಗ್ ಮಾಡುವವರು 144ರ ಮಾನಿಟರನ್ನು 120ಕ್ಕೆ ಇಟ್ಟುಕೊಳ್ಳುವುದು ಜಾಣತನ. 24, 30, 60 ಮೂರೂ 120ರಲ್ಲಿ ಶೇಷವಿಲ್ಲದೆ ಕೂರುತ್ತವೆ.

ಯಕ್ಷಗಾನ ರೆಕಾರ್ಡ್ ಮಾಡಿದ್ರೆ ಪಟ್ಟೆ ಪಟ್ಟೆ ಓಡುತ್ತೆ. ಮಾನಿಟರ್ ಪ್ರಾಬ್ಲಮ್ಮಾ, ಫೋನ್ ಪ್ರಾಬ್ಲಮ್ಮಾ?

ಎರಡೂ ಅಲ್ಲ, ಲೈಟಿನದ್ದು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಸಾದಾ ಟ್ಯೂಬ್‌ಲೈಟು, ಕಡಿಮೆ ಬೆಲೆಯ ಎಲ್‌ಇಡಿ ಫ್ಲಡ್‌ಲೈಟುಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ನಮಗೆ ಕಾಣುವುದಿಲ್ಲ. ಆದರೆ ಫೋನಿನ ಕ್ಯಾಮೆರಾ ಒಂದು ಚಿತ್ರವನ್ನು ಒಟ್ಟಿಗೇ ಹಿಡಿಯುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಹಿಡಿಯುತ್ತದೆ. ಬೆಳಕು ಏರಿದಾಗ ಹಿಡಿದ ಸಾಲುಗಳು ಬಿಳಿ, ಇಳಿದಾಗ ಹಿಡಿದವು ಮಂಕು. ಅದೇ ಪಟ್ಟೆ.

ಶಟರ್ ಅನ್ನು (ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಸಮಯ) ಸೆಕೆಂಡಿನ 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಭಾಗಕ್ಕೆ ಕಟ್ಟಿಹಾಕಿ. ಆಗ ಪ್ರತಿ ಸಾಲಿಗೂ ಬೆಳಕಿನ ಪೂರ್ತಿ ಏರಿಳಿತ ಸಿಗುತ್ತದೆ, ಪಟ್ಟೆ ಹೋಗುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ ಇದು ಸಾಧ್ಯ. ಕೆಲವು ಫೋನ್‌ಗಳಲ್ಲಿ ‘ಆ್ಯಂಟಿ ಫ್ಲಿಕರ್’ ಅಂತಲೇ ಇರುತ್ತದೆ, 50 ಹರ್ಟ್ಸ್ ಆರಿಸಿ. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ನ ರೆಕಾರ್ಡ್ ವಿಡಿಯೊ ಒಳಗೆ ‘ಶೋ ಪಾಲ್ ಫಾರ್ಮ್ಯಾಟ್ಸ್’ ಆನ್ ಮಾಡಿದರೆ 25 ಎಫ್‌ಪಿಎಸ್ ಸಿಗುತ್ತದೆ. ನಮ್ಮ 50 ಹರ್ಟ್ಸ್ ಬೆಳಕಿಗೆ ಅದು ಹೊಂದುತ್ತದೆ.

ಶಟರ್ 100ರಲ್ಲಿ ಒಂದು ಇಟ್ಟರೆ ವೇಷಧಾರಿ ದಿಗಿಣ ಹಾಕುವಾಗ ಕೇದಗೆ ಮುಂದಲೆಯ ಅಂಚು ಸ್ಪಷ್ಟವಾಗಿ ಸಿಗುತ್ತದೆ, 50ರಲ್ಲಿ ಒಂದು ಇಟ್ಟರೆ ಸ್ವಲ್ಪ ಮಸುಕಾಗಿ, ಆದರೆ ನೋಡಲು ಹಿತವಾಗಿ ಬರುತ್ತದೆ. ನನಗೆ ಎರಡನೆಯದೇ ಇಷ್ಟ. ಬಣ್ಣ ಬದಲಿಸುವ ಸ್ಟೇಜ್ ಎಲ್‌ಇಡಿಗಳು ಮಾತ್ರ ತಮ್ಮದೇ ವೇಗದಲ್ಲಿ ಮಿನುಗುತ್ತವೆ, ಅವಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಆಟ ಶುರುವಾಗುವ ಮೊದಲೇ ಶಟರ್ ಸ್ವಲ್ಪ ಹಿಂದೆ ಮುಂದೆ ಮಾಡಿ ಪಟ್ಟೆ ಮಾಯವಾಗುವ ಜಾಗ ಹುಡುಕಿಟ್ಟುಕೊಳ್ಳಿ.

ಹೊಸ ಟಿವಿಯಲ್ಲಿ ಸಿನಿಮಾ ಎಲ್ಲ ಧಾರಾವಾಹಿ ಥರ ಕಾಣುತ್ತೆ. ವಾಪಸ್ ಕೊಡಲಾ?

ಕೊಡಬೇಡಿ. 24ರ ಸಿನಿಮಾದ ನಡುನಡುವೆ ಟಿವಿ ತಾನೇ ಊಹಿಸಿದ ಚಿತ್ರಗಳನ್ನು ತುರುಕುತ್ತಿದೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಮೋಷನ್’ ಅನ್ನುವ ಪದ ಇರುವ ಸಾಲು ಹುಡುಕಿ ಆಫ್ ಮಾಡಿ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ. ಕ್ರಿಕೆಟ್‌ಗೆ ಬೇಕಾದರೆ ಇಟ್ಟುಕೊಳ್ಳಿ, ಸಿನಿಮಾಗೆ ಬೇಡ.

ಮೊಬೈಲ್ 120 ಹರ್ಟ್ಸ್ ಅಂತ ತಗೊಂಡೆ. ನಿಜವಾಗ್ಲೂ 120 ಓಡ್ತಿದೆಯಾ ಅಂತ ನೋಡೋದು ಹೇಗೆ?

ಆಂಡ್ರಾಯ್ಡ್‌ನಲ್ಲಿ ಡೆವಲಪರ್ ಆಪ್ಷನ್ಸ್ (ಸೆಟ್ಟಿಂಗ್ಸ್ ಒಳಗೆ ಅಡಗಿಸಿಟ್ಟಿರುವ ಮೆನು) ತೆರೆದು ‘ಶೋ ರಿಫ್ರೆಶ್ ರೇಟ್’ ಆನ್ ಮಾಡಿ. ಮೂಲೆಯಲ್ಲಿ ಸಂಖ್ಯೆ ಬರುತ್ತದೆ. ಸ್ಕ್ರೋಲ್ ಮಾಡುವಾಗ 120, ಕೈ ತೆಗೆದರೆ 60 ಅಥವಾ ಇನ್ನೂ ಕಡಿಮೆ. ಇದು ಕಳ್ಳಾಟ ಅಲ್ಲ, ಬ್ಯಾಟರಿ ಉಳಿಸುವ ದಾರಿ. ದುಬಾರಿ ಫೋನ್‌ಗಳ ಎಲ್‌ಟಿಪಿಒ ಪರದೆಗಳು ನಿಂತ ಚಿತ್ರಕ್ಕೆ 1 ಹರ್ಟ್ಸ್‌ವರೆಗೂ ಇಳಿಯುತ್ತವೆ.

ಬ್ಯಾಟರಿ ಸೇವರ್ ಹಾಕಿದರೆ ಹೆಚ್ಚಿನ ಫೋನ್‌ಗಳು 60ಕ್ಕೆ ಇಳಿಯುತ್ತವೆ. ಗೇಮ್‌ಗಳದ್ದು ಬೇರೆಯೇ ಲೆಕ್ಕ. ಪರದೆ 120 ಇದ್ದರೂ ಗೇಮ್ ತಾನು 60ಕ್ಕೆ ಮಿತಿ ಹಾಕಿಕೊಂಡಿರಬಹುದು, ನಿಮ್ಮ ಮಾಡೆಲ್‌ಗೆ 90 ಅಥವಾ 120 ಕೊಟ್ಟಿದ್ದಾರಾ ಅಂತ ಗೇಮ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲೇ ನೋಡಬೇಕು.

## ಸ್ವಲ್ಪ ಒಳಗಿನ ವಿಷಯ

ಚಿತ್ರ ಮಧ್ಯದಲ್ಲಿ ಹರಿದ ಹಾಗೆ ಕಾಣುತ್ತೆ. ವಿ-ಸಿಂಕ್ ಹಾಕು ಅಂತಾರೆ, ಹಾಕಿದ್ರೆ ಮೌಸ್ ಭಾರ ಅನ್ನಿಸುತ್ತೆ. ಏನ್ ಮಾಡೋದು?

ಮಾನಿಟರ್ ಪರದೆಯನ್ನು ಮೇಲಿಂದ ಕೆಳಗೆ ಬರೆಯುತ್ತದೆ. ಅರ್ಧ ಬರೆಯುವಷ್ಟರಲ್ಲಿ ಕಾರ್ಡ್ ಹೊಸ ಚಿತ್ರ ತಂದು ಕೊಟ್ಟರೆ ಮೇಲರ್ಧ ಹಳೆಯದು, ಕೆಳಗರ್ಧ ಹೊಸದು. ಅದೇ ಹರಿದ ಗೆರೆ. ವಿ-ಸಿಂಕ್ ಹಾಕಿದರೆ ಕಾರ್ಡ್ ಮಾನಿಟರಿಗಾಗಿ ಕಾಯುತ್ತದೆ. ಗೆರೆ ಹೋಗುತ್ತದೆ, ಆ ಕಾಯುವಿಕೆಯೇ ಮೌಸಿನ ಭಾರ.

ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು. 60 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಸಮಯ. ಕಾರ್ಡ್‌ಗೆ 17 ಬೇಕಾಯಿತು ಅಂದುಕೊಳ್ಳಿ. ಬಸ್ ತಪ್ಪಿತು. ಮುಂದಿನ ಸರದಿ ಬರುವುದು 33.3ಕ್ಕೆ. ಕೂದಲೆಳೆಯಲ್ಲಿ ತಡವಾದದ್ದಕ್ಕೆ 60 ಹೋಗಿ 30 ಆಯಿತು. ಟ್ರಿಪಲ್ ಬಫರಿಂಗ್ (ಕಾರ್ಡ್ ಕಾಯುತ್ತಾ ಕೂರದೆ ಇನ್ನೊಂದು ಚಿತ್ರ ತಯಾರಿಸಿಟ್ಟುಕೊಳ್ಳುವ ಸೆಟ್ಟಿಂಗ್) ಇದ್ದರೆ ಇಷ್ಟು ಕೆಡುವುದಿಲ್ಲ. ಆದರೆ ಈಗ ಇದಕ್ಕೆ ಒಳ್ಳೆಯ ಉತ್ತರ ಮುಂದಿನ ಪ್ರಶ್ನೆಯಲ್ಲಿದೆ.

ಫ್ರೀಸಿಂಕ್, ಜಿ-ಸಿಂಕ್ ಅಂದ್ರೆ ಏನು? ಅದಕ್ಕೆ ದುಡ್ಡು ಕೊಡ್ಬಹುದಾ?

ಕೊಡಬಹುದು. ನನ್ನ ಕೇಳಿದರೆ 144ಕ್ಕೂ 240ಕ್ಕೂ ಇರುವ ವ್ಯತ್ಯಾಸಕ್ಕಿಂತ ಇದು ಮುಖ್ಯ.

ಇಲ್ಲಿ ಲೆಕ್ಕ ಉಲ್ಟಾ. ಕಾರ್ಡ್ ಮಾನಿಟರಿಗೆ ಕಾಯುವುದಿಲ್ಲ, ಮಾನಿಟರ್ ಕಾರ್ಡ್‌ಗೆ ಕಾಯುತ್ತದೆ. ಚಿತ್ರ ಬಂದಾಗ ಪರದೆ ಬದಲಾಗುತ್ತದೆ. 83 ಎಫ್‌ಪಿಎಸ್ ಬಂದರೆ ಮಾನಿಟರ್ ಆ ಹೊತ್ತಿಗೆ 83 ಹರ್ಟ್ಸ್. ಹರಿದ ಗೆರೆಯೂ ಇಲ್ಲ, ಭಾರವೂ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್ವಿಡಿಯಾ 2013ರಲ್ಲಿ ಜಿ-ಸಿಂಕ್ ಅಂತ ಇದನ್ನು ತೋರಿಸಿತು, ಮಾನಿಟರ್ ಒಳಗೆ ಅದಕ್ಕೆಂದೇ ದುಬಾರಿ ಬೋರ್ಡ್ ಬೇಕಿತ್ತು. ಅದರ ಪ್ರತಿಸ್ಪರ್ಧಿ ಎಎಂಡಿಯ ಫ್ರೀಸಿಂಕ್ ಮಾನಿಟರ್‌ಗಳು 2015ರಲ್ಲಿ ಬಂದವು, ಅಂಥ ಬೋರ್ಡ್ ಬೇಕಿರಲಿಲ್ಲ. 2019ರ ಜನವರಿಯಿಂದ ಎನ್ವಿಡಿಯಾ ಕಾರ್ಡ್‌ಗಳೂ ಫ್ರೀಸಿಂಕ್ ಮಾನಿಟರ್ ಜೊತೆ ಕೆಲಸ ಮಾಡತೊಡಗಿದವು. ಈಗ ಗೇಮಿಂಗ್ ಮಾನಿಟರ್ ಅಂತ ಮಾರುವ ಹೆಚ್ಚಿನವುಗಳಲ್ಲಿ ಇದು ಇದ್ದೇ ಇದೆ, ಮೆನುವಿನಲ್ಲಿ ಆನ್ ಮಾಡಿದವರು ಮಾತ್ರ ಕಡಿಮೆ.

ತಗೊಳ್ಳುವಾಗ ಅದರ ವ್ಯಾಪ್ತಿ ಕೇಳಿ, ಅಂದರೆ ಎಷ್ಟು ಹರ್ಟ್ಸ್‌ನಿಂದ ಎಷ್ಟರವರೆಗೆ ಫ್ರೀಸಿಂಕ್ ಕೆಲಸ ಮಾಡುತ್ತದೆ ಅಂತ. 48ರಿಂದ 144 ಇದ್ದರೆ ಒಳ್ಳೆಯದು. ಎಫ್‌ಪಿಎಸ್ 40ಕ್ಕೆ ಬಿದ್ದರೆ ಒಂದೊಂದು ಚಿತ್ರವನ್ನೂ ಎರಡು ಸಲ ತೋರಿಸಿ 80 ಹರ್ಟ್ಸ್‌ನಲ್ಲಿ ಓಡಿಸಬಹುದು. 48ರಿಂದ 75 ಮಾತ್ರ ಇರುವ ಮಾನಿಟರ್‌ನಲ್ಲಿ ಆ ಜಾಗವಿಲ್ಲ, 48ರ ಕೆಳಗೆ ಹೋದರೆ ಮತ್ತೆ ಹಳೆ ಕಥೆ.

ಎಫ್‌ಪಿಎಸ್ ಮೀಟರ್‌ನಲ್ಲಿ 60 ಅಂತಲೇ ಇದೆ, ಆದ್ರೂ ಜರ್ಕ್ ಹೊಡೆಯುತ್ತೆ. ಮೀಟರ್ ಸುಳ್ಳಾ?

ಮೀಟರ್ ಸರಾಸರಿ ಹೇಳುತ್ತದೆ, ಕಣ್ಣು ಸರಾಸರಿ ನೋಡುವುದಿಲ್ಲ. ಒಂದು ಸೆಕೆಂಡಿನಲ್ಲಿ 59 ಚಿತ್ರ ತಲಾ 15 ಮಿಲಿಸೆಕೆಂಡಿಗೆ ಬಂದವು ಅಂದುಕೊಳ್ಳಿ, ಒಟ್ಟು 885. ಅರವತ್ತನೆಯದು ಒಂದೇ 115 ಮಿಲಿಸೆಕೆಂಡ್ ತಿಂದಿತು. ಮೀಟರ್ 60 ಅನ್ನುತ್ತದೆ. ನಿಮಗೆ ಗೊತ್ತಾದದ್ದು ಆ ಒಂದು ತಡೆ. ಚಂಡೆಯವನು ಪದ್ಯ ಪೂರ್ತಿ ಚೆನ್ನಾಗಿ ನುಡಿಸಿ ಒಂದೇ ಒಂದು ಪೆಟ್ಟು ತಡ ಮಾಡಿದರೂ ಸಭೆಗೆ ಗೊತ್ತಾಗುತ್ತದಲ್ಲ, ಹಾಗೆ.

ಆದ್ದರಿಂದ ‘1 ಪರ್ಸೆಂಟ್ ಲೋ’ ಅನ್ನುವ ಸಂಖ್ಯೆ ನೋಡಿ. ತೀರಾ ನಿಧಾನವಾದ ನೂರರಲ್ಲಿ ಒಂದು ಪಾಲು ಚಿತ್ರಗಳ ಲೆಕ್ಕ ಅದು. ಸರಾಸರಿ 90, ಲೋ 25 ಇದ್ದರೆ ಗೇಮ್ ಕೆಟ್ಟದಾಗಿ ಕಾಣುತ್ತದೆ. ಸರಾಸರಿ 65, ಲೋ 55 ಇದ್ದರೆ ಚೆನ್ನಾಗಿ ಕಾಣುತ್ತದೆ.

ರಿಪೇರಿಗೆ ಬಂದವುಗಳಲ್ಲಿ ನಾನು ಮೊದಲು ನೋಡುವುದು ರ್‍ಯಾಮ್. ಒಂದೇ ಕಡ್ಡಿ ಇದ್ದರೆ ಎರಡು ಮಾಡಿ, ಅದರಲ್ಲೂ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಶೀನ್‌ಗಳಲ್ಲಿ. ಗೇಮ್ ಹಳೆ ಹಾರ್ಡ್‌ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ತನ್ನಿ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಟ್ಟು ಆಡಿದರೆ ಗಾಳಿ ತೂತು ಮುಚ್ಚಿ ಚಿಪ್ ಕಾದು ವೇಗ ಇಳಿಸುತ್ತದೆ. ಹೊಸ ಗೇಮ್ ಮೊದಲ ಸಲ ಆಡುವಾಗ ಮಾತ್ರ ಅಲ್ಲಲ್ಲಿ ತಡೆದು, ಎರಡನೇ ಸಲ ಸರಿಯಾದರೆ ಅದು ಶೇಡರ್ (ಬೆಳಕು, ಬಣ್ಣದ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ) ತಯಾರಾಗುವ ತಡೆ, ನಿಮ್ಮ ಮಶೀನಿನ ರೋಗ ಅಲ್ಲ.

ಡಬ್ಬಿ ಮೇಲೆ 1 ಮಿಲಿಸೆಕೆಂಡ್ ಅಂತಿದೆ, ಆದ್ರೂ ಓಡುವಾಗ ಮಸುಕು. ಯಾಕೆ?

ಮಸುಕು ಎರಡು ಥರ. ಒಂದು, ಪಿಕ್ಸೆಲ್ ಬಣ್ಣ ಬದಲಿಸಲು ತಗೊಳ್ಳುವ ಸಮಯದಿಂದ ಬರುವುದು. ಡಬ್ಬಿ ಮೇಲಿನ 1 ಮಿಲಿಸೆಕೆಂಡ್ ಇದಕ್ಕೆ ಸಂಬಂಧಿಸಿದ್ದು, ಅದೂ ಹೆಚ್ಚಾಗಿ ಓವರ್‌ಡ್ರೈವನ್ನು (ಪಿಕ್ಸೆಲ್ ಬೇಗ ಬಣ್ಣ ಬದಲಿಸುವಂತೆ ತಳ್ಳುವ ಮಾನಿಟರ್ ಸೆಟ್ಟಿಂಗ್) ತುದಿಗೆ ಏರಿಸಿ ಅಳೆದದ್ದು. ಆ ಮಟ್ಟಕ್ಕೆ ಇಟ್ಟರೆ ಓಡುವ ವಸ್ತುವಿನ ಹಿಂದೆ ಬಿಳಿ ನೆರಳು ಬರುತ್ತದೆ. ನಡುವಿನ ಮಟ್ಟದಲ್ಲಿ ಇಡಿ. ವಿಎ ಅನ್ನುವ ಬಗೆಯ ಎಲ್‌ಸಿಡಿ ಪ್ಯಾನೆಲ್ ಆದರೆ ಕತ್ತಲ ದೃಶ್ಯದಲ್ಲಿ ಕಪ್ಪು ಬಳಿದ ಹಾಗೆ ಕಾಣುವುದು ಸಾಮಾನ್ಯ.

ಎರಡನೆಯದಕ್ಕೆ ಪಿಕ್ಸೆಲ್ ಎಷ್ಟು ಚುರುಕಿದ್ದರೂ ಮದ್ದಿಲ್ಲ. ಚಿತ್ರ ಬದಲಾಗುವವರೆಗೆ ಪರದೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ನಿಮ್ಮ ಕಣ್ಣು ಓಡುವ ವಸ್ತುವಿನ ಜೊತೆ ಸರಿಯುತ್ತಲೇ ಇರುತ್ತದೆ. ನಿಂತ ಚಿತ್ರ ಸರಿಯುವ ಕಣ್ಣಲ್ಲಿ ಬಳಿದುಕೊಳ್ಳುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ಓಡುವ ವಸ್ತು 60 ಹರ್ಟ್ಸ್‌ನಲ್ಲಿ 16 ಪಿಕ್ಸೆಲ್ ಮಸುಕಾಗುತ್ತದೆ, 120ರಲ್ಲಿ 8, 240ರಲ್ಲಿ 4. ಒಎಲ್‌ಇಡಿಯಲ್ಲೂ ಹೀಗೇ. ಹಳೆ ಡಬ್ಬಾ ಮಾನಿಟರ್ ಒಂದು ಕ್ಷಣ ಮಿನುಗಿ ಆರುತ್ತಿದ್ದುದರಿಂದಲೇ ಅದರಲ್ಲಿ ಓಟ ಅಷ್ಟು ಚೂಪಾಗಿ ಕಾಣುತ್ತಿತ್ತು. ಈಗಿನ ಕೆಲವು ಮಾನಿಟರ್‌ಗಳು ಬ್ಯಾಕ್‌ಲೈಟನ್ನು ಹಾಗೆಯೇ ಮಿನುಗಿಸುವ ಮೋಡ್ ಕೊಡುತ್ತವೆ. ಮಸುಕು ಕಡಿಮೆಯಾಗುತ್ತದೆ, ಬೆಳಕೂ ಕಡಿಮೆಯಾಗುತ್ತದೆ. ಹೆಚ್ಚಿನವುಗಳಲ್ಲಿ ಇದು ಆನ್ ಇದ್ದಾಗ ಫ್ರೀಸಿಂಕ್ ಆಫ್ ಆಗುತ್ತದೆ.

ಫ್ರೇಮ್ ಜನರೇಷನ್ ಹಾಕಿದ್ರೆ 40 ಇದ್ದದ್ದು 80 ಆಗುತ್ತಂತೆ. ಹೊಸ ಕಾರ್ಡ್ ಬೇಡ ಅಲ್ವಾ?

80 ಕಾಣುತ್ತದೆ, ನಿಜ. ಎನ್ವಿಡಿಯಾದ ಡಿಎಲ್‌ಎಸ್‌ಎಸ್ 3 ಇದನ್ನು 2022ರಲ್ಲಿ ತಂದಿತು, ಎಎಂಡಿಯ ಎಫ್‌ಎಸ್‌ಆರ್ 3 ಮರುವರ್ಷ. ಎರಡು ನಿಜವಾದ ಚಿತ್ರಗಳ ನಡುವೆ ಒಂದನ್ನು ಊಹಿಸಿ ಸೇರಿಸುತ್ತಾರೆ. ನಡುವಿನದ್ದು ಊಹಿಸಬೇಕಾದರೆ ಮುಂದಿನದ್ದು ಕೈಯಲ್ಲಿರಬೇಕು, ಅಂದರೆ ಬಂದ ಚಿತ್ರವನ್ನು ಸ್ವಲ್ಪ ತಡೆದಿಟ್ಟುಕೊಳ್ಳಬೇಕು. ಹಾಗಾಗಿ ನೋಡಲು 80ರ ನುಣುಪು, ಕೈಗೆ 40ಕ್ಕಿಂತಲೂ ತುಸು ನಿಧಾನ. ಮೊದಲೇ 60 ಬರುತ್ತಿದ್ದರೆ ಇದು ಸೊಗಸು. 25 ಬರುವ ಕಡೆ ಹಾಕಿದರೆ ಅಂಚುಗಳು ಕಲಸಿಕೊಳ್ಳುತ್ತವೆ, ಮೌಸ್ ಕೆಸರಲ್ಲಿ ಹೂತ ಹಾಗಿರುತ್ತದೆ.

ಎಲ್ಲ ಇದೆ: 144, ಫ್ರೀಸಿಂಕ್, ಒಳ್ಳೆ ಕಾರ್ಡ್. ಸೆಟ್ಟಿಂಗ್ ಹೇಗಿಡಲಿ?

ಫ್ರೀಸಿಂಕ್ ಅಥವಾ ಜಿ-ಸಿಂಕ್ ಮಾನಿಟರ್ ಮೆನುವಿನಲ್ಲೂ ಆನ್, ಡ್ರೈವರ್‌ನಲ್ಲೂ (ಗ್ರಾಫಿಕ್ಸ್ ಕಾರ್ಡಿನ ಸಾಫ್ಟ್‌ವೇರ್) ಆನ್. ಎಫ್‌ಪಿಎಸ್ ಮಿತಿಯನ್ನು 144ಕ್ಕೆ ಇಡಬೇಡಿ, ಎರಡು ಮೂರು ಕಡಿಮೆ ಇಡಿ, 141 ಸರಿ. 144 ತಾಗಿದರೆ ಮಾನಿಟರಿಗೆ ಕಾರ್ಡ್‌ಗಾಗಿ ಕಾಯಲು ಜಾಗ ಉಳಿಯುವುದಿಲ್ಲ, ಹಳೆಯ ವಿ-ಸಿಂಕ್ ಭಾರ ಅಥವಾ ಹರಿದ ಗೆರೆ ವಾಪಸ್ ಬರುತ್ತದೆ. ಡ್ರೈವರ್‌ನಲ್ಲಿ ವಿ-ಸಿಂಕ್ ಆನ್ ಇಟ್ಟು ಗೇಮ್ ಒಳಗೆ ಆಫ್ ಮಾಡಿ. ಮಿತಿಯ ಕೆಳಗೇ ಇರುವುದರಿಂದ ಅದು ಭಾರ ಕೊಡುವುದಿಲ್ಲ, ಅಪರೂಪಕ್ಕೆ ಬರುವ ಗೆರೆಯನ್ನು ಮಾತ್ರ ತಡೆಯುತ್ತದೆ.

ಆಮೇಲೆ ನಿಮ್ಮ ಗೇಮ್‌ನ ತೀರಾ ಗದ್ದಲದ ಜಾಗಕ್ಕೆ ಹೋಗಿ ನಿಲ್ಲಿ. ಅಲ್ಲಿ ಎಷ್ಟು ಬರುತ್ತದೆ ನೋಡಿ. 90 ಬಂದರೆ ಮಿತಿಯನ್ನು 90ಕ್ಕೇ ಇಟ್ಟುಬಿಡಿ. ಕಾರ್ಡ್ ತಣ್ಣಗಿರುತ್ತದೆ, ಫ್ಯಾನ್ ಸದ್ದು ಇಳಿಯುತ್ತದೆ. 90 ಸಾಲದು ಅನ್ನಿಸಿದರೆ ಮೊದಲು ನೆರಳಿನ ಸೆಟ್ಟಿಂಗ್ ಇಳಿಸಿ, ಟೆಕ್ಸ್‌ಚರ್ (ವಸ್ತುಗಳ ಮೈಮೇಲಿನ ಚಿತ್ರ) ಮುಟ್ಟಬೇಡಿ. ಶ್ಯಾಡೋ ಅಲ್ಟ್ರಾದಿಂದ ಮೀಡಿಯಂಗೆ ಬಂದರೆ ಕಣ್ಣಿಗೆ ಅಷ್ಟೇನೂ ಗೊತ್ತಾಗುವುದಿಲ್ಲ, ಎಫ್‌ಪಿಎಸ್‌ಗೆ ಚೆನ್ನಾಗಿ ಗೊತ್ತಾಗುತ್ತದೆ.